ಸಹಾಯ ಬೇಕು: ಬರವಣಿಗೆಯಲ್ಲಿ ಬೇರೆಯವರ ವಾಕ್ಯದ ಅಚ್ಚು ಕೂತಿದೆ, ಬಿಡಿಸಿಕೊಳ್ಳೋಕೆ ಆಗ್ತಿಲ್ಲ

ಬರೆಯೋದು ಕಲಿಯೋಕೆ ಅಂತ ಎರಡು ತಿಂಗಳಿಂದ ದಿನಾ ಬೇರೆ ಲೇಖಕರ ನಾಲ್ಕೈದು ಸಾಲಿನ ತುಣುಕೊಂದನ್ನ ತಗೊಂಡು, ವಾಕ್ಯದ ಕಟ್ಟು ಹಾಗೇ ಇಟ್ಟು ವಿಷಯ ಮಾತ್ರ ಬದಲಿಸಿ ಬರೀತಿದ್ದೀನಿ. ‘ಮಳೆ ನಿಂತಿತ್ತು, ಸೂರಿನ ಹನಿ ನಿಂತಿರಲಿಲ್ಲ’ ಅನ್ನೋದನ್ನ ನೋಡಿ ‘ಜಗಳ ಮುಗಿದಿತ್ತು, ಅಮ್ಮನ ಪಾತ್ರೆ ಸದ್ದು ಮುಗಿದಿರಲಿಲ್ಲ’ ಅಂತ ಬರೆದೆ. ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ಈಗ ಸ್ವಂತದ್ದು ಬರೆಯೋಕೆ ಕೂತರೂ ಪ್ರತಿ ವಾಕ್ಯ ಎರಡು ತುಂಡು, ಮಧ್ಯೆ ಅಲ್ಪವಿರಾಮ, ಕೊನೆಗೊಂದು ‘ಇಲ್ಲ’!

ಅಮೆರಿಕದ ಲೇಖಕ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಲೇಖನದ ಸುಳಿವಷ್ಟೇ ಗುರುತು ಹಾಕ್ಕೊಂಡು, ಕೆಲವು ದಿನ ಬಿಟ್ಟು, ನೋಡದೇ ಬರೆದು, ಆಮೇಲೆ ಮೂಲಕ್ಕೆ ಹೋಲಿಸ್ತಿದ್ದನಂತೆ. ಹಾಗೆ ಮಾಡಿ ನೋಡಿದವರು ಇದ್ದೀರಾ? ಎಷ್ಟು ದಿನ ಬಿಡಬೇಕು? ಒಬ್ಬರೇ ಲೇಖಕರನ್ನ ಹಿಡಿಯೋದಾ, ಬದಲಿಸ್ತಾ ಇರೋದಾ? ಬೇಕಿದ್ರೆ ನನ್ನ ನಾಲ್ಕು ಸಾಲು ಹಾಕ್ತೀನಿ, ಮುಲಾಜಿಲ್ಲದೆ ಕತ್ತರಿ ಆಡಿಸಿ.