ಮೊಲ ಹುಲ್ಲು ಮುಟ್ಟಲ್ಲ, ನಮ್ಮನ್ನು ಕಂಡರೆ ಓಡುತ್ತೆ: ಸಾಕಿದವರು ಏನು ಮಾಡಿದಿರಿ?

ಕೇಳಿದವರು

ಮೂರು ವಾರದ ಹಿಂದೆ ಮನೆಗೆ ಒಂದು ಮೊಲ ತಂದೆವು. ಹೆಣ್ಣು, ಸುಮಾರು ಎಂಟು ತಿಂಗಳಿನದು, ತೂಕ 2 ಕೆಜಿ. ಬಟ್ಟಲು ತುಂಬ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ) ಹಾಕುತ್ತೇವೆ, ಕ್ಯಾರೆಟ್ ಕೊಡುತ್ತೇವೆ, ಎರಡನ್ನೂ ಖಾಲಿ ಮಾಡುತ್ತದೆ. ಒಣಹುಲ್ಲನ್ನು ಮಾತ್ರ ಮೂಸಿ ಬಿಟ್ಟುಬಿಡುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ಅದರ ಭಯ. ಯಾರು ಹತ್ತಿರ ಹೋದರೂ ಮೂಲೆ ಸೇರಿ ಹಿಂಗಾಲಿನಿಂದ ನೆಲಕ್ಕೆ ಧಪ್ಪನೆ ಬಡಿಯುತ್ತದೆ. ಮಗಳು ಎತ್ತಿಕೊಳ್ಳಲು ಹೋಗಿ ಎರಡು ಸಲ ಪರಚಿಸಿಕೊಂಡಳು. ದಿನಾ ಎತ್ತಿ ಎತ್ತಿ ರೂಢಿ ಮಾಡಿಸಿ ಅಂತ ಒಬ್ಬರು, ಮುಟ್ಟಲೇಬೇಡಿ ಅಂತ ಇನ್ನೊಬ್ಬರು. ಸಾಕಿ ಗೊತ್ತಿರುವವರು ದಯವಿಟ್ಟು ಹೇಳಿ.

ಹಲ್ಲಿನ ತೊಂದರೆ ಅನುಭವಿಸಿದವರು

ನಾನೂ ಹೀಗೇ ಬಟ್ಟಲು ತುಂಬಿಸುತ್ತಿದ್ದವನು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮೊದಲ ಮೊಲಕ್ಕೆ ನಾಲ್ಕು ವರ್ಷವಾದಾಗ ಒಂದು ದಿನ ಬಟ್ಟಲ ಹತ್ತಿರ ಓಡಿ ಬಂತು, ಒಂದು ಪೆಲೆಟ್ ಬಾಯಿಗೆ ಹಾಕಿಕೊಂಡಿತು, ಉಗುಳಿತು. ಮತ್ತೆ ಒಂದು ತಗೊಂಡಿತು, ಮತ್ತೆ ಉಗುಳಿತು. ಹಸಿವಿದೆ, ತಿನ್ನಲು ಆಗುತ್ತಿಲ್ಲ. ಗಲ್ಲದ ಕೆಳಗೆ ಜೊಲ್ಲು ಸುರಿದು ಕೂದಲು ಒದ್ದೆಯಾಗಿತ್ತು. ಡಾಕ್ಟರು ಬಾಯಿ ತೆರೆಸಿ ನೋಡಿದರೆ ದವಡೆಹಲ್ಲಿನ ಅಂಚು ಮುಳ್ಳಿನ ಹಾಗೆ ಬೆಳೆದು ನಾಲಿಗೆಯನ್ನು ಕೊಯ್ಯುತ್ತಿತ್ತು. ಅರಿವಳಿಕೆ ಕೊಟ್ಟು ಉಜ್ಜಿಸಬೇಕಾಯಿತು, ಆಮೇಲೂ ಕೆಲವು ತಿಂಗಳಿಗೊಮ್ಮೆ ಅದೇ ಕೆಲಸ.

ಮೊಲದ ಹಲ್ಲು ಬಾಚಿಹಲ್ಲಷ್ಟೇ ಅಲ್ಲ, 28ಕ್ಕೆ 28ೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಅವು ಸವೆಯಬೇಕಾದರೆ ದವಡೆ ಬೀಸುಕಲ್ಲಿನ ಹಾಗೆ ಅಡ್ಡಡ್ಡ ಆಡಬೇಕು. ಹುಲ್ಲು ತಿನ್ನುವಾಗ ಅದು ಗಂಟೆಗಟ್ಟಲೆ ಹಾಗೆ ಆಡುತ್ತದೆ. ಪೆಲೆಟ್ ಎರಡು ಕಡಿತಕ್ಕೆ ಪುಡಿಯಾಗಿ ಗಂಟಲಿಗೆ ಇಳಿದುಹೋಗುತ್ತದೆ, ಹಲ್ಲಿಗೆ ಕೆಲಸವೇ ಇಲ್ಲ. ಕರುಳಿನ ಕಥೆಯೂ ಅಷ್ಟೇ, ನಾರು ಒಳಗೆ ಹೋಗುತ್ತಿದ್ದರೆ ಮಾತ್ರ ಅದು ಚಲಿಸುತ್ತದೆ. ಹಾಗಾಗಿ ಹೊಟ್ಟೆಗೆ ಹೋಗುವುದರಲ್ಲಿ ನೂರಕ್ಕೆ 80ರಿಂದ 85 ಪಾಲು ಹುಲ್ಲೇ ಇರಬೇಕು, ಹಗಲು ರಾತ್ರಿ ಅದರ ಮುಂದೆ ಇರಬೇಕು.

ಪೆಲೆಟ್‌ಗೆ ಲೆಕ್ಕ ಇದೆ. ಬೆಳೆದ ಮೊಲಕ್ಕೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು. ನಿಮ್ಮದಕ್ಕೆ 50 ಗ್ರಾಂ, ಅದೇ ಹೆಚ್ಚಿನ ಮಿತಿ. ತೂಗಿ ನೋಡಿ, ಇಷ್ಟೇನಾ ಅನ್ನಿಸುತ್ತೆ! ಆದರೆ ಇವತ್ತೇ ಕಡಿದುಹಾಕಬೇಡಿ. ಎರಡು ಮೂರು ವಾರ ತಗೊಂಡು ಚೂರು ಚೂರೇ ಇಳಿಸಿ, ವಾರಕ್ಕೊಮ್ಮೆ ಮೊಲವನ್ನೂ ತೂಗಿ. ಬಣ್ಣಬಣ್ಣದ ಬೀಜ, ಕಾಳು ಬೆರೆಸಿದ ಪೊಟ್ಟಣ ಕೊಳ್ಳುತ್ತಿದ್ದರೆ ಅದು ಬೇಡವೇ ಬೇಡ. ಸಿಹಿಯದನ್ನು ಆರಿಸಿ ತಿಂದು ಉಳಿದದ್ದನ್ನು ಬಿಡುತ್ತವೆ.

ಹುಲ್ಲು ತಿನ್ನಿಸಲು ನನಗೆ ಫಲ ಕೊಟ್ಟ ಉಪಾಯ: ಅದು ಉಚ್ಚೆ ಮಾಡುವ ಮೂಲೆ ಗುರುತಿಸಿ, ಅಲ್ಲಿ ಟ್ರೇ ಇಟ್ಟು, ಟ್ರೇಯ ಒಂದು ತುದಿಗೆ ರಾಶಿ ಹುಲ್ಲು ಹಾಕಿದೆ. ಮೊಲಕ್ಕೆ ಹಿಕ್ಕೆ ಹಾಕುತ್ತಾ ಮೇಯುವುದೇ ಇಷ್ಟ, ನಮಗೆ ಅಸಹ್ಯ ಅನ್ನಿಸಿದರೆ ಅದು ನಮ್ಮ ಸಮಸ್ಯೆ. ಜೊತೆಗೆ ಪೆಲೆಟ್ ಕಾಳುಗಳನ್ನು ಹುಲ್ಲಿನ ಒಳಗೇ ಉದುರಿಸಿ. ಹುಡುಕುವಾಗ ನಾಲ್ಕು ಎಸಳು ಬಾಯಿಗೆ ಹೋಗೇ ಹೋಗುತ್ತೆ. ಹುಲ್ಲು ಹಸಿರಾಗಿ, ಘಮ್ಮೆನ್ನುವಂತಿರಬೇಕು. ಧೂಳು ಏಳುವ, ಮುಗ್ಗಲು ವಾಸನೆಯದನ್ನು ಅದು ಒಲ್ಲೆ ಅಂದರೆ ತಪ್ಪು ಮೊಲದ್ದಲ್ಲ. ಮೊಲಕ್ಕೆಂದು ಮಾರುವ ತಿಮೊಥಿ ಎಂಬ ಜಾತಿಯ ಹುಲ್ಲೇ ಆಗಬೇಕೆಂದಿಲ್ಲ, ಬೇರೆ ಹುಲ್ಲಾದರೂ ಸರಿ. ಆದರೆ ಲೂಸರ್ನ್, ಅಂದರೆ ಕುದುರೆಮಸಾಲೆ, ಆರು ತಿಂಗಳೊಳಗಿನ ಮರಿಗೆ ಮಾತ್ರ. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಮೊಲದ ದೇಹ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಅತಿಯಾದರೆ ಮೂತ್ರಕೋಶದಲ್ಲಿ ಸುಣ್ಣದ ಕೆಸರಿನಂತೆ ನಿಲ್ಲುತ್ತದೆ.

ಸೊಪ್ಪು ಬೆಳೆಯುವವರು

ಮೇಲಿನವರು ಹೇಳಿದ್ದಕ್ಕೆ ಸೊಪ್ಪಿನ ಮಾತು ಸೇರಿಸುತ್ತೇನೆ. ಕೊತ್ತಂಬರಿ, ಪುದೀನ, ಕ್ಯಾರೆಟ್ಟಿನ ಮೇಲಿನ ಸೊಪ್ಪು, ಇವೆಲ್ಲ ದಿನಾ ಒಂದು ಹಿಡಿ ಕೊಡಬಹುದು. ಇದುವರೆಗೆ ಸೊಪ್ಪೇ ತಿನ್ನದ ಮೊಲವಾದರೆ ಮೊದಲ ದಿನ ಎರಡು ಎಲೆ ಸಾಕು. ಒಂದು ಬಗೆ ಶುರು ಮಾಡಿ, ಎರಡು ಮೂರು ದಿನ ಹಿಕ್ಕೆ ನೋಡಿ, ಆಮೇಲೆ ಇನ್ನೊಂದು. ಕ್ಯಾರೆಟ್ ಗಡ್ಡೆ ಮೊಲಕ್ಕೆ ಮಿಠಾಯಿ. ಚಿತ್ರಪುಸ್ತಕದವರು ಕಲಿಸಿದ್ದನ್ನು ಮರೆಯಿರಿ. ಬೆರಳಿನ ಉಗುರಿನಷ್ಟು ಚೂರು, ಅದೂ ವಾರಕ್ಕೆ ಒಂದೆರಡು ಸಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟ್, ಬ್ರೆಡ್, ಬಿಸ್ಕತ್ತು ಬೇಡ.

ನೀರು ನಳಿಗೆಯ ಬಾಟಲಿಯಲ್ಲಿ ಇಟ್ಟಿದ್ದರೆ ಪಕ್ಕದಲ್ಲಿ ಒಂದು ಭಾರದ ಬಟ್ಟಲೂ ಇಡಿ. ನಮ್ಮದು ಬಾಟಲಿಯನ್ನು ಮರೆತೇಬಿಟ್ಟಿತು.

ಇನ್ನೊಂದು ವಿಷಯ, ಗಾಬರಿಯಾಗಬೇಡಿ. ಕೆಲವು ಸಲ ಅದು ತಲೆ ಬಗ್ಗಿಸಿ ತನ್ನ ಹಿಂಭಾಗದಿಂದಲೇ ಏನೋ ಬಾಯಿಗೆ ಹಾಕಿಕೊಳ್ಳುತ್ತೆ. ಅದು ಮಾಮೂಲಿ ಹಿಕ್ಕೆಯಲ್ಲ. ಮೆತ್ತಗೆ, ಹೊಳಪಾಗಿ, ಪುಟಾಣಿ ದ್ರಾಕ್ಷಿ ಗೊಂಚಲಿನ ಹಾಗಿರುತ್ತೆ, ಬಿ ಗುಂಪಿನ ಜೀವಸತ್ವ ಅದಕ್ಕೆ ಸಿಗುವುದು ಅದರಿಂದ. ಹಾಗೆ ತಿನ್ನದೆ ಬಾಲದ ಕೆಳಗೆ ಮೆತ್ತಿಕೊಂಡು ಕೂತರೆ ಪೆಲೆಟ್ಟೋ ಸಿಹಿಯೋ ಅತಿಯಾಗಿದೆ ಅಂತ ಅರ್ಥ. ಆ ಜಾಗಕ್ಕೆ ನೊಣ ಮೊಟ್ಟೆ ಇಟ್ಟು ಹುಳವಾದರೆ ಪ್ರಾಣಕ್ಕೇ ಬರುತ್ತೆ, ದಿನಾ ಒಮ್ಮೆ ನೋಡಿ.

ಹೆದರುಪುಕ್ಕಲ ಮೊಲ ಸಾಕಿದವಳು

ಭಯದ ಬಗ್ಗೆ ನಾನು ಹೇಳುತ್ತೇನೆ, ಯಾಕಂದರೆ ನಮ್ಮದು ಎರಡು ತಿಂಗಳು ಸೋಫಾ ಕೆಳಗಿಂದ ಹೊರಗೇ ಬರಲಿಲ್ಲ. ಊಟದ ಪ್ರಶ್ನೆ, ಭಯದ ಪ್ರಶ್ನೆ ಎರಡು ಬೇರೆ ಅಂದುಕೊಂಡಿದ್ದೀರಿ. ನನ್ನ ಅನುಭವದಲ್ಲಿ ಒಂದೇ. ಬಟ್ಟಲಲ್ಲಿ ಪೆಲೆಟ್ ಸದಾ ತುಂಬಿದ್ದರೆ ಅದಕ್ಕೆ ನಿಮ್ಮ ಹತ್ತಿರ ಬರುವ ಕೆಲಸವೇ ಇಲ್ಲ. ಹುಲ್ಲು ಯಾವಾಗಲೂ ಇರಲಿ, ಉಪವಾಸ ಕೆಡವಬೇಡಿ. ಆದರೆ ಆ 50 ಗ್ರಾಂ ಪೆಲೆಟ್‌ನಲ್ಲಿ ಒಂದು ಪಾಲು ನಿಮ್ಮ ಕೈಯಿಂದಲೇ ಹೋಗಲಿ.

ನಾನು ಮಾಡಿದ್ದು ಇಷ್ಟೇ. ಮೊಲ ಚುರುಕಾಗಿರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ನಡುಮಧ್ಯಾಹ್ನ ಎಬ್ಬಿಸಿದರೆ ಅದಕ್ಕೂ ಸಿಟ್ಟು. ಸಂಜೆ ಹೊತ್ತು ಅರ್ಧ ಗಂಟೆ ನೆಲದ ಮೇಲೆ ಕೂರುತ್ತಿದ್ದೆ. ಕುರ್ಚಿಯಲ್ಲಲ್ಲ, ನೆಲದಲ್ಲೇ, ಅದರ ಕಡೆ ಪಕ್ಕ ಮಾಡಿಕೊಂಡು. ದಿಟ್ಟಿಸಿ ನೋಡುತ್ತಿರಲಿಲ್ಲ, ಏನಾದರೂ ಓದುತ್ತಾ ಇರುತ್ತಿದ್ದೆ. ಮೊದಲ ವಾರ ಪೆಲೆಟ್ ಕಾಳುಗಳನ್ನು ನನ್ನಿಂದ ಒಂದು ಮಾರು ದೂರದಲ್ಲಿ ಇಟ್ಟೆ. ಆಮೇಲೆ ಒಂದು ಗೇಣು. ಆಮೇಲೆ ಮಂಡಿಯ ಪಕ್ಕ. ಹದಿನೇಳನೇ ದಿನ ಕತ್ತು ಇಷ್ಟುದ್ದ ಚಾಚಿ, ಹಿಂಗಾಲು ಮಾತ್ರ ಓಡಲು ತಯಾರಾಗಿ ಹಿಂದೆಯೇ ಇಟ್ಟುಕೊಂಡು, ಅಂಗೈಯಿಂದ ಒಂದು ಕಾಳು ಎತ್ತಿಕೊಂಡಿತು. ಮೀಸೆ ತಾಗಿ ಕಚಗುಳಿಯಾಯಿತು, ಆದರೂ ಅಲುಗಾಡಲಿಲ್ಲ ನಾನು!

ಕೈ ಹೇಗೆ ಚಾಚುತ್ತೀರಿ ಅನ್ನುವುದೂ ಮುಖ್ಯ. ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಮೊಲಕ್ಕೆ ಸುತ್ತಲೂ ಕಾಣುತ್ತೆ, ಮೇಲೂ ಕಾಣುತ್ತೆ, ಕಾಣದ್ದು ಮೂಗಿನ ನೇರ ಮುಂದೆ ಮತ್ತು ಗಲ್ಲದ ಕೆಳಗೆ. ನಾವು ನಾಯಿಗೆ ಮಾಡಿದ ಹಾಗೆ ಮೂಗಿನ ಮುಂದೆ ಕೈ ಹಿಡಿದರೆ ಎಲ್ಲಿಂದಲೋ ಕೈ ಹುಟ್ಟಿಬಂದ ಹಾಗಾಗುತ್ತೆ ಅದಕ್ಕೆ. ಪಕ್ಕದಿಂದ ತನ್ನಿ, ಹಣೆಯ ಮೇಲೆ, ಕಿವಿಗಳ ಬುಡದ ನಡುವೆ ಸವರಿ. ಹೊಟ್ಟೆ, ಪಾದ, ಬಾಲ ಸದ್ಯಕ್ಕೆ ಬೇಡ.

ಎತ್ತಿ ಎತ್ತಿ ರೂಢಿ ಮಾಡಿಸುವ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಅದನ್ನು ಮೇಲಿನಿಂದ ಬಂದು ಎತ್ತುವುದು ಹದ್ದು ಮಾತ್ರ. ಮಗಳಿಗೆ ಒಂದು ಕೆಲಸ ಕೊಡಿ: ದಿನಾ ಸಂಜೆ ಹತ್ತು ಕಾಳು ಅವಳ ಕೈಯದು, ಆದರೆ ಮೊಲವೇ ಬರಬೇಕು, ಅವಳು ಹೋಗುವಂತಿಲ್ಲ. ಬಚ್ಚಿಟ್ಟುಕೊಳ್ಳಲು ರಟ್ಟಿನ ಡಬ್ಬವೊಂದಕ್ಕೆ ಎರಡು ಬಾಗಿಲು ಕೊರೆದು ಇಡಿ. ಒಂದೇ ಬಾಗಿಲಿದ್ದರೆ ಅದು ಬೋನು. ಡಬ್ಬದೊಳಗೆ ಇರುವಾಗ ಯಾರೂ ಕೈ ಹಾಕಬಾರದು, ನೀವೂ ಸೇರಿ.

ಪಶು ಆಸ್ಪತ್ರೆಯೊಂದರಲ್ಲಿ ಸಹಾಯಕರಾಗಿದ್ದವರು

ಎತ್ತುವುದರ ಬಗ್ಗೆ ಹೇಳಿದ್ದು ಸರಿ, ಕಾರಣ ಭಯವೊಂದೇ ಅಲ್ಲ. ಮೊಲದ ಎಲುಬು ಹಗುರ, ಹಿಂಗಾಲಿನ ಬಲ ಜಾಸ್ತಿ. ಹಿಡಿತ ಸರಿಯಿಲ್ಲದೆ ಗಾಳಿಯಲ್ಲಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತೆ. ಎತ್ತಲೇಬೇಕಾದಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ನಿಮ್ಮ ಮೈಗೆ ಒತ್ತಿ. ಕಿವಿ ಹಿಡಿದು ಎತ್ತುವವರನ್ನು ನೋಡಿದ್ದೇನೆ, ಬೇಡ.

ಅಂಗಾತ ಮಲಗಿಸಿದರೆ ಎಷ್ಟು ಶಾಂತವಾಗುತ್ತೆ ನೋಡಿ ಅಂತ ವಿಡಿಯೊ ಮಾಡುತ್ತಾರಲ್ಲ, ಅದು ಶಾಂತಿಯಲ್ಲ. ಬೇಟೆಗೆ ಸಿಕ್ಕಿದ ಪ್ರಾಣಿ ಸತ್ತ ಹಾಗೆ ಸೆಟೆದುಕೊಳ್ಳುವುದು. ಸ್ನಾನವೂ ಬೇಡ, ಅದರ ಮೈ ಅದೇ ನೆಕ್ಕಿಕೊಳ್ಳುತ್ತೆ.

ಊಟ ಬಿಟ್ಟು, ಹಿಕ್ಕೆ ನಿಂತು ಹತ್ತು ಹನ್ನೆರಡು ಗಂಟೆಯಾದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಕರುಳು ನಿಂತುಹೋಗುತ್ತಿದೆ ಅಂತಲೇ ತಿಳಿದು ಮೊಲ ನೋಡಿ ಗೊತ್ತಿರುವ ವೈದ್ಯರ ಹತ್ತಿರ ಹೊರಡಿ. ವಿಪರೀತ ಹೆದರಿದರೂ ಇದಾಗಬಹುದು, ನೋವಿನಿಂದಲೂ ಆಗಬಹುದು. ಮನೆಯಲ್ಲಿ ಉಳಿದ ನಮ್ಮ ಮಾತ್ರೆ ಕೊಡಬೇಡಿ. ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಮೊಲವೇ ಸಾಯಬಹುದು.

ನಿಮ್ಮದು ಎಂಟು ತಿಂಗಳ ಹೆಣ್ಣು. ಮರಿಯಾಗದಂತೆ ಆಪರೇಷನ್ ಆಗಿದೆಯೇ? ಆಗದಿದ್ದರೆ ಈ ವಯಸ್ಸಲ್ಲಿ ತನ್ನ ಜಾಗಕ್ಕೆ ಕೈ ಹಾಕಿದರೆ ಗುರ್ ಅನ್ನುವುದು, ಮುಂಗಾಲಲ್ಲಿ ಹೊಡೆಯುವುದು ಇದ್ದದ್ದೇ. ಎಲ್ಲವೂ ಭಯವಲ್ಲ. ಗರ್ಭಕೋಶದ ಕ್ಯಾನ್ಸರ್ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಸಾಮಾನ್ಯ, ಅದಕ್ಕಾಗಿಯೂ ವೈದ್ಯರನ್ನು ಕೇಳಿ.

ಕೇಳಿದವರು

ಎಲ್ಲರಿಗೂ ವಂದನೆ. ಹನ್ನೆರಡು ದಿನವಾಯಿತು. ಪೆಲೆಟ್ ತೂಗಿದೆವು, ನಾವು ಹಾಕುತ್ತಿದ್ದದ್ದು 140 ಗ್ರಾಂ! ಈಗ 90ಕ್ಕೆ ಇಳಿದಿದ್ದೇವೆ. ಟ್ರೇಯಲ್ಲಿ ಹುಲ್ಲು ಹಾಕಿದ ಮೂರನೇ ದಿನವೇ ರಾತ್ರಿ ಕರಕರ ಸದ್ದು ಕೇಳಿಸಿತು, ಎದ್ದು ನೋಡಿದರೆ ಟ್ರೇಯಲ್ಲೇ ಕೂತು ಮೇಯುತ್ತಿತ್ತು. ಹಿಕ್ಕೆ ಈಗ ದೊಡ್ಡದಾಗಿ, ತಿಳಿ ಬಣ್ಣಕ್ಕೆ ತಿರುಗಿದೆ, ಒಡೆದರೆ ಒಳಗೆ ಹುಲ್ಲಿನ ಪುಡಿ ಕಾಣುತ್ತೆ. ಆಪರೇಷನ್ ಆಗಿಲ್ಲ, ಮುಂದಿನ ವಾರ ತೋರಿಸುತ್ತೇವೆ. ಮಗಳ ಕೈಗೆ ಇನ್ನೂ ಬಂದಿಲ್ಲ. ನಿನ್ನೆ ಅವಳ ಹಿಮ್ಮಡಿಯನ್ನು ಮೂಗಿನಿಂದ ಒಂದು ಸಲ ತಿವಿದು ಓಡಿಹೋಯಿತು. ಅದು ಸಿಟ್ಟಾ, ಪ್ರೀತಿಯಾ?

ಹೆದರುಪುಕ್ಕಲ ಮೊಲ ಸಾಕಿದವಳು

ಎರಡೂ ಅಲ್ಲ, "ಯಾರು ನೀನು, ಸ್ವಲ್ಪ ಜರುಗು" ಅಂತ. ಒಳ್ಳೆಯ ಸೂಚನೆಯೇ. ಇನ್ನು ಸ್ವಲ್ಪ ದಿನಕ್ಕೆ ಅವಳ ಪಕ್ಕದಲ್ಲಿ ಮರ ಕಡಿದ ಹಾಗೆ ದೊಪ್ಪನೆ ಮಗ್ಗುಲಿಗೆ ಬಿದ್ದುಕೊಳ್ಳಬಹುದು. ಸತ್ತೇ ಹೋಯಿತು ಅಂತ ನಾನು ಮೊದಲ ಸಲ ಕಿರುಚಿ ಎಬ್ಬಿಸಿಬಿಟ್ಟಿದ್ದೆ, ಮತ್ತೆ ಒಂದು ವಾರ ಸೋಫಾ ಕೆಳಗೆ. ಅವಳಿಗೆ ಈಗಲೇ ಹೇಳಿಡಿ.