ಸಹಾಯ ಬೇಕು: ಈಸ್ಟರ್ ಮೊಟ್ಟೆಗೆ ಮನೆಯ ಬಣ್ಣ
ಎಲ್ಲರಿಗೂ ನಮಸ್ಕಾರ, ವಿರಾಜಪೇಟೆಯಿಂದ ಬರೆಯುತ್ತಿದ್ದೇನೆ. ಈ ಸಲ ಈಸ್ಟರ್‌ಗೆ ಅಂಗಡಿಯ ಪ್ಲಾಸ್ಟಿಕ್ ಅಲಂಕಾರ ಬೇಡ, ಮಕ್ಕಳ ಕೈಯಲ್ಲೇ ಮಾಡಿಸಬೇಕು ಅಂತ ತುಂಬಾ ಆಸೆ. ಮೊಟ್ಟೆಯ ಎರಡೂ ತುದಿಗೆ ಸೂಜಿಯಿಂದ ತೂತು ಮಾಡಿ, ಒಳಗಿನದನ್ನು ಊದಿ ತೆಗೆದು (ಹಸಿ ಮೊಟ್ಟೆ ಅಲ್ವಾ, ಊದುವುದು ನಾನೇ), ಚಿಪ್ಪು ತೊಳೆದು ಒಣಗಿಸಿ, ಬಣ್ಣ ಹಾಕಿ, ತೋಟದಲ್ಲಿ ಕಡಿದು ಹಾಕಿದ ಕಾಫಿ ರೆಂಬೆಗೆ ದಾರದಲ್ಲಿ ತೂಗುಹಾಕುವ ಯೋಚನೆ. ಈರುಳ್ಳಿ ಸಿಪ್ಪೆ ಕುದಿಸಿದರೆ ಕೆಂಪು ಕಂದು, ಅರಿಶಿನಕ್ಕೆ ಹಳದಿ, ಅಷ್ಟು ಗೊತ್ತು. ಬಣ್ಣ ಹಿಡಿಯಲು ಹಾಕುವ ವಿನೆಗರ್ ಬದಲು ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಗೆ ಹಾಕುವ ಹುಳಿ ರಸ) ಆಗುತ್ತದಾ? ಅದು ಕಪ್ಪಗಿದೆ, ಹಳದಿ ಮಂಕಾದರೆ ಮಕ್ಕಳಿಗೆ ಬೇಜಾರು. ಖಾಲಿ ಚಿಪ್ಪು ತೇಲುತ್ತದೆ, ಹಾಗಾಗಿ ಮೊದಲು ಬಣ್ಣ ಹಾಕಿ ಆಮೇಲೆ ಊದಬೇಕಾ? ನಾಟಿ ಮೊಟ್ಟೆ ಸಾಕಾ, ಬಿಳಿ ಫಾರಂ ಮೊಟ್ಟೆಯೇ ಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.