ಬುಲ್‌ಬುಲ್ ರೆಕ್ಕೆಯೂ ಪಠ್ಯಪುಸ್ತಕವೂ

ಸೀಮೆಸುಣ್ಣ: 2022ರಲ್ಲಿ 10ನೇ ತರಗತಿಯ ಕನ್ನಡ ಪುಸ್ತಕಕ್ಕೆ ಆರೆಸ್ಸೆಸ್ ಸ್ಥಾಪಕ ಹೆಡಗೇವಾರ್ ಭಾಷಣ ಬಂತು. 2023ರಲ್ಲಿ ಸರ್ಕಾರ ಬದಲಾಯಿತು, ಭಾಷಣ ಹೋಯಿತು. ಪುಸ್ತಕ ಆಗಲೇ ಮಕ್ಕಳ ಬ್ಯಾಗಿನಲ್ಲಿತ್ತು, ಆ ಪಾಠ ಮಾಡಬೇಡಿ ಅಂತ ನಮಗೆ ಆದೇಶ. ಇದು ಪಾಠವಾ, ಯಾರು ಗೆದ್ದರೋ ಅವರದನ್ನು ಮಕ್ಕಳ ತಲೆಗೆ ತುಂಬೋದಾ?

ಹಳೇಪೇಟೆ: "ಭಾಷಣ ಹೋಯಿತು" ಅಂತ ಎಷ್ಟು ಸಲೀಸಾಗಿ ಬರೆದಿರಿ! ಓದಿದ್ದೀರಾ? ವ್ಯಕ್ತಿಯನ್ನಲ್ಲ, ತತ್ವವನ್ನು ಆದರ್ಶ ಮಾಡಿಕೊಳ್ಳಿ ಅನ್ನೋದೇ ಅದರ ತಿರುಳು. ಹಿಂದೆ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಬರಗೂರು ರಾಮಚಂದ್ರಪ್ಪ ಸಮಿತಿ ಪಠ್ಯ ಬದಲಾಯಿಸಿದಾಗ ನಿಮ್ಮ ಸೀಮೆಸುಣ್ಣ ಎಲ್ಲಿತ್ತು?

ಲಾಸ್ಟ್‌ಬೆಂಚು: ವ್ಯಕ್ತಿಯನ್ನಲ್ವಾ? ಅದೇ ವರ್ಷ 8ನೇ ತರಗತಿಯ ಪಾಠದಲ್ಲಿ ಸಾವರ್ಕರ್ ಅಂಡಮಾನ್ ಜೈಲಿನಿಂದ ಬುಲ್‌ಬುಲ್ ಹಕ್ಕಿಯ ರೆಕ್ಕೆ ಮೇಲೆ ಕೂತು ದಿನಾ ತಾಯ್ನಾಡಿಗೆ ಬಂದು ಹೋಗುತ್ತಿದ್ದರು ಅಂತ ಬಂದಿತ್ತಲ್ಲ. ಟಿಕೆಟ್ ಎಷ್ಟಿತ್ತೋ!

ಹಳೇಪೇಟೆ: ಅದು ಅಲಂಕಾರ ರೀ. ದಮಯಂತಿ ಹತ್ತಿರ ಹಂಸ ಮಾತಾಡಿದರೆ ಕಾವ್ಯ, ಇದು ಮಾತ್ರ ಸುಳ್ಳಾ?

ಲಾಸ್ಟ್‌ಬೆಂಚು: ಅಲಂಕಾರ ಅಂದರೆ 'ಅಂತೆ', 'ಹಾಗೆ' ಅಂತ ಏನಾದರೂ ಇರಬೇಕಲ್ಲ. ಎಲ್ಲಿದೆ?

ಹಳೇಪೇಟೆ: 'ಅಂತೆ' ಬೇಕಾಗಿರೋದು ಉಪಮೆಗೆ. ಇದು ರೂಪಕ. ಹೈಸ್ಕೂಲಿನಲ್ಲಿ ಹಿಂದೆ ಕೂತರೆ ಹೀಗೇ ಆಗೋದು.

ಕೆರೆದಂಡೆ: ರೂಪಕ ಹೇಗಾಗುತ್ತದೆ? ಯಾವುದನ್ನು ಯಾವುದು ಅಂದಿದ್ದಾರೆ? ಅತಿಶಯೋಕ್ತಿ ಅನ್ನಿ, ಒಪ್ಪೋಣ. ಮತ್ತೆ ಎಲ್ಲರೂ ಬುಲ್‌ಬುಲ್ ಅಂತಲೇ ಬರೆಯುತ್ತೀರಲ್ಲ, ಕನ್ನಡದಲ್ಲಿ ಪಿಕಳಾರ ಅಂತ ಚೆಂದದ ಹೆಸರಿದೆ. ನಮ್ಮ ಮನೆ ದಾಸವಾಳದ ಗಿಡದಲ್ಲಿ ಗೂಡು ಕಟ್ಟಿದೆ, 30 ಗ್ರಾಂ ಆಸುಪಾಸಿನ ಹಕ್ಕಿ. ಕಾಗೆ ಬಂದರೆ ಅದೇ ಓಡುತ್ತದೆ.

ಹಳೇಪೇಟೆ: ಗ್ರಾಂ ಲೆಕ್ಕ ಹಾಕುವವರ ಹತ್ತಿರ ಸಾಹಿತ್ಯ ಮಾತಾಡಿ ಪ್ರಯೋಜನ ಇಲ್ಲ.

ಸೀಮೆಸುಣ್ಣ: ಹಕ್ಕಿ ಬಿಡಿ ಸ್ವಾಮಿ. ಆ ಪಾಠ ಮಾಡಿದವನು ನಾನು. ಒಬ್ಬಳು ಹುಡುಗಿ ಎದ್ದು, "ಸರ್, ಕೋಣೆಗೆ ಕಿಂಡಿನೇ ಇರಲಿಲ್ಲ ಅಂತ ಇಲ್ಲೇ ಇದೆ, ಮತ್ತೆ ಹಕ್ಕಿ ಹೇಗೆ ಒಳಗೆ ಬಂತು?" ಅಂದಳು. ಪರೀಕ್ಷೆಗೆ ಬರಲ್ಲ, ಕೂತ್ಕೋ ಅಂದೆ. ಅವಳು ಪೆನ್ನಿನ ಮುಚ್ಚಳ ಹಾಕಿ ಕೂತಳು. ಪುಸ್ತಕದಲ್ಲಿ ಏನೇ ಇರಲಿ, ತಲೆ ತುಂಬುವ ಕೆಲಸ ಆದದ್ದು ನಾನು ಕೂತ್ಕೋ ಅಂದಾಗ.

ಹಳೇಪೇಟೆ: ಮೇಷ್ಟ್ರೇ ಒಪ್ಪಿಕೊಂಡರು! ತಪ್ಪು ಪುಸ್ತಕದ್ದಲ್ಲ. 2023ರಿಂದ ಶಾಲೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರಲ್ಲ, ಅಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಕೂತ್ಕೋ ಅನ್ನಲ್ವಾ?

ಲಾಸ್ಟ್‌ಬೆಂಚು: ಪೀಠಿಕೆಯನ್ನೂ ಹಕ್ಕಿ ಪಾಠವನ್ನೂ ಒಂದೇ ತಕ್ಕಡಿಗೆ ಹಾಕುತ್ತೀರಾ? ನಾಚಿಕೆ ಆಗಲ್ವಾ?

ಹಳೇಪೇಟೆ: ಪ್ರಶ್ನೆಗೆ ಉತ್ತರ ಇಲ್ಲ ಅಂದಾಗ ನಾಚಿಕೆ ನೆನಪಾಗುತ್ತದೆ.

ಕೆರೆದಂಡೆ: ರೂಪಕ ಹೇಗೆ ಅಂತ ಕೇಳಿದ್ದೆ. ಅದಕ್ಕೂ ಉತ್ತರ ಇಲ್ಲ.